ಎರಡನೇ ಸಾಲಿನ ಮುಳ್ಳುಗಳು

ಗೋಣಿಚೀಲವನ್ನು ನಮ್ಮಣ್ಣನ ಮನೆಯ ಜಗಲಿಯ ಮೇಲೆ ಇಳಿಸಿದಾಗ ಒಳಗಿನಿಂದ ಗಾಜಿಗೆ ಲೋಹ ತಗುಲಿದ ಸದ್ದು ಬಂತು. ತಂದವರು ತಿಪಟೂರಿನ ಕೊಬ್ಬರಿ ಮಂಡಿಯೊಂದರ ಯಜಮಾನರು. ಅಣ್ಣನನ್ನು ನೋಡಲು ಬಂದಿರಬೇಕೆಂದುಕೊಂಡು ನಾನು ಎದ್ದು ಒಳಗೆ ಹೊರಟೆ.

"ಕೂತ್ಕಳಮ್ಮ. ನಿನ್ನ ಹುಡುಕ್ಕಂಡೇ ಬಂದಿದ್ದು," ಎಂದರು.

ಚೀಲದ ಬಾಯಿ ಬಿಚ್ಚಿ ಒಂದೊಂದನ್ನೇ ಹೊರಗಿಟ್ಟರು. ಕಪ್ಪು ಮುಖ, ಬಿಳಿ ಅಂಕಿಗಳ ಹನ್ನೊಂದು ಡಯಲುಗಳು. ಕೆಲವಕ್ಕೆ ಗಾಜಿರಲಿಲ್ಲ. ಒಂದಕ್ಕೆ ಮುಳ್ಳೇ ಇರಲಿಲ್ಲ. ಹಳೆಯ ವಿಮಾನಗಳಿಂದ ಬಿಚ್ಚಿದವು, ಬೆಂಗಳೂರಿನ ಗುಜರಿಯಲ್ಲಿ ಸಿಕ್ಕವು.

"ನಾನು ಗಡಿಯಾರದ ಕೆಲಸದವಳು ಅಣ್ಣ. ಇವು ನಂಗೆ ಗೊತ್ತಿಲ್ಲ," ಅಂದೆ. ಯಜಮಾನರನ್ನೂ ನಾನು ಅಣ್ಣ ಎನ್ನುತ್ತಿದ್ದೆ.

"ಒಳಗಡೆ ಎಲ್ಲಾ ಗಡಿಯಾರದ ಥರಾನೇ ಐತೆ ಕಣಮ್ಮ. ಅದೇ ಹಲ್ಲಿನ ಚಕ್ರ, ಅದೇ ಕೂದಲಿನಂಥ ಸ್ಪ್ರಿಂಗು. ಒಂದನ್ನ ಬಿಚ್ಚಿ ನೋಡು. ಆಗಲ್ಲ ಅನ್ನಿಸಿದ್ರೆ ಬುಡು."

ನನ್ನ ಗಂಡ ಕಾಮಾಲೆಯಿಂದ ತೀರಿಕೊಂಡು ಆಗ ಎರಡು ತಿಂಗಳು. ಬೆಂಗಳೂರಿನ ಗಡಿಯಾರ ಕಾರ್ಖಾನೆಯಲ್ಲಿ ಜೋಡಣೆಯ ವಿಭಾಗದಲ್ಲಿದ್ದ ನಾನು ದೀರ್ಘ ರಜೆ ಹಾಕಿ ಅಣ್ಣನ ಮನೆಗೆ ಬಂದಿದ್ದೆ. ಅಳು ಬಂದಿರಲಿಲ್ಲ. ಹಸಿವಾಗುತ್ತಿರಲಿಲ್ಲ, ಆದರೆ ತಟ್ಟೆ ಮುಂದಿಟ್ಟರೆ ಊಟ ಮಾಡುತ್ತಿದ್ದೆ. ಯಾರಾದರೂ ಮಾತನಾಡಿಸಿದರೆ ಉತ್ತರ ಕೊಡುತ್ತಿದ್ದೆ. ಪೆಟ್ಟು ಬಿದ್ದ ಬೆರಳು ಜೋಮು ಹಿಡಿದಿರುತ್ತದಲ್ಲ, ಮೈಯೆಲ್ಲ ಹಾಗಿತ್ತು. ಬೇಡ ಎನ್ನುವುದಕ್ಕೂ ಮನಸ್ಸು ಬೇಕು. ಅದಿಲ್ಲದ್ದರಿಂದ ಆಗಲಿ ಎಂದೆ.

ಯಜಮಾನರು ವಿಮಾನ ಕಟ್ಟುತ್ತಿದ್ದಾರೆಂದು ಊರಿಗೆಲ್ಲ ಗೊತ್ತಿತ್ತು. ಹರೆಯದಲ್ಲಿ ಬೆಂಗಳೂರಿನಲ್ಲಿ ಹಾರಾಟ ಕಲಿತು ಪರವಾನಗಿ ಪಡೆದಿದ್ದರು. ಆಮೇಲೆ ಹಾಲ್ಕುರಿಕೆ ಕಡೆಯ ತೋಟ, ತಿಪಟೂರಿನ ಮಂಡಿ ಎರಡೂ ಹೆಗಲಿಗೆ ಬಿದ್ದವು. ಐವತ್ತು ದಾಟಿದ ಮೇಲೆ ಅಂಚೆಯಲ್ಲಿ ನಕ್ಷೆ ತರಿಸಿ, ಕೊಬ್ಬರಿ ಗೋಡೌನಿನ ಅರ್ಧ ಭಾಗ ಖಾಲಿ ಮಾಡಿಸಿ, ಇಬ್ಬರು ಕೂರುವಂಥ ಮರದ ವಿಮಾನಕ್ಕೆ ಕೈಹಾಕಿದರು. ಆರು ವರ್ಷಗಳ ಕೆಲಸ. ಗೋಡೌನಿನಲ್ಲಿ ಒಂದು ಕಡೆ ಮೂಟೆಗಳ ಸಾಲು, ಇನ್ನೊಂದು ಕಡೆ ಬಟ್ಟೆ ಎಳೆದು ಬಣ್ಣ ಹೊಡೆದ ಬಿಳಿ ರೆಕ್ಕೆ. ಎಲ್ಲದಕ್ಕೂ ಕೊಬ್ಬರಿಯ ವಾಸನೆ ಹತ್ತಿತ್ತು.

ಹಾರಲು ಅನುಮತಿ ಕೊಡುವ ಮೊದಲು ವಿಮಾನಯಾನ ಇಲಾಖೆಯ ಪರೀಕ್ಷಕರೊಬ್ಬರು ಬಂದು ಎಲ್ಲ ನೋಡಿದ್ದರು. ಚಾಲಕನ ಮುಂದಿನ ಹಲಗೆಯಲ್ಲಿ ವೇಗ ತೋರಿಸುವುದು ಒಂದು, ಎತ್ತರ ತೋರಿಸುವುದು ಒಂದು, ಎರಡೂ ಒಳ್ಳೆಯವೇ. "ಇವು ಕೆಟ್ಟರೆ ಏನು ನೋಡುತ್ತೀರಿ?" ಎಂದು ಅವರು ಕೇಳಿದರಂತೆ. ಮೊದಲ ಸಾಲಿನ ಕೆಳಗೆ ಎರಡನೆಯ ಸಾಲು ಹಾಕಿ, ಪ್ರತಿಯೊಂದನ್ನೂ ಪರೀಕ್ಷಿಸಿದ ಪಟ್ಟಿ ಕೊಟ್ಟರೆ ಸಹಿ ಹಾಕುವೆನೆಂದು ಹೇಳಿ ಹೋಗಿದ್ದರು.

ಗೋಡೌನಿನ ಕಿಟಕಿಯ ಬಳಿ ನನಗೊಂದು ಮೇಜು ಹಾಕಿಸಿದರು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಚಿಮಟ, ಸಣ್ಣ ಸ್ಕ್ರೂಡ್ರೈವರುಗಳು ನನ್ನವೇ ಇದ್ದವು. ಒಂದು ವಾರ ಬರೀ ಬಿಚ್ಚಿದೆ. ಅವರು ಹೇಳಿದ್ದು ನಿಜ. ಎತ್ತರ ತೋರಿಸುವುದರ ಹೊಟ್ಟೆಯಲ್ಲಿ ಗಾಳಿ ತೆಗೆದು ಮುಚ್ಚಿದ ತೆಳು ತಗಡಿನ ಡಬ್ಬಿ ಇರುತ್ತದೆ. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ತಗ್ಗಿ ಡಬ್ಬಿ ಉಬ್ಬುತ್ತದೆ. ಆ ಕೂದಲೆಳೆಯಷ್ಟು ಉಬ್ಬನ್ನು ಹಲ್ಲಿನ ಚಕ್ರಗಳು ಹಿಗ್ಗಿಸಿ ಮುಳ್ಳಿಗೆ ಮುಟ್ಟಿಸುತ್ತವೆ. ವೇಗದ ಡಯಲು ಇನ್ನೂ ಸರಳ. ರೆಕ್ಕೆಯ ಮುಂದಕ್ಕೆ ಚಾಚಿದ ಕೊಳವೆಯಿಂದ ಎದುರುಗಾಳಿ ಬಂದು ಡಬ್ಬಿಯನ್ನು ಊದುತ್ತದೆ.

ಪರೀಕ್ಷೆಗೆ ಬೇಕಾದುದನ್ನು ಅಲ್ಲೇ ಮಾಡಿಕೊಂಡೆವು. ಗಾರೆಯವರು ಮಟ್ಟ ನೋಡಲು ಇಟ್ಟುಕೊಳ್ಳುವ ಪಾರದರ್ಶಕ ಪೈಪನ್ನು ಇಂಗ್ಲಿಷಿನ ಯು ಅಕ್ಷರದಂತೆ ಗೋಡೆಗೆ ಬಡಿದು, ಅರ್ಧ ನೀರು ತುಂಬಿ, ಪಕ್ಕದಲ್ಲಿ ಅಳತೆಪಟ್ಟಿ ಅಂಟಿಸಿದೆವು. ಡಯಲನ್ನೂ ಸೇರಿಸಿದ ಒಂದು ತುದಿಯಲ್ಲಿ ಮೆಲ್ಲಗೆ ಗಾಳಿ ಒತ್ತಿದರೆ ಇನ್ನೊಂದು ಕಡೆ ನೀರು ಏರುತ್ತದೆ. ಎರಡು ಕಡೆಯ ನೀರಿಗೂ ನಾಲ್ಕೂವರೆ ಸೆಂಟಿಮೀಟರ್ ಅಂತರ ಬಂದಾಗ ವೇಗದ ಮುಳ್ಳು ಗಂಟೆಗೆ ಅರವತ್ತು ಮೈಲಿ ತೋರಿಸಬೇಕು. ಎರಡೂವರೆಗೆ ನಲವತ್ತೈದು. ಆ ನಲವತ್ತೈದಕ್ಕಿಂತ ಕೆಳಗೆ ಇಳಿದರೆ ರೆಕ್ಕೆ ವಿಮಾನವನ್ನು ಹೊರುವುದಿಲ್ಲ.

ಎತ್ತರದ ಡಯಲನ್ನು ಅಂಗಡಿಯವರು ಪೆಪ್ಪರ್‌ಮಿಂಟ್ ಇಡುವ ಗಾಜಿನ ಭರಣಿಯೊಳಗಿಟ್ಟು, ಸೈಕಲ್ ಟ್ಯೂಬು ಮತ್ತು ಮೇಣದಿಂದ ಬಾಯಿ ಬಿಗಿದೆವು. ಸೈಕಲ್ ಪಂಪಿನ ವಾಷರನ್ನು ತಿರುಗಿಸಿ ಹಾಕಿದರೆ ಅದು ಗಾಳಿಯನ್ನು ಊದುವ ಬದಲು ಹೀರುತ್ತದೆ. ಭರಣಿಯನ್ನು ಅದೇ ನೀರಿನ ಪೈಪಿಗೆ ಸೇರಿಸಿದರೆ ಸಾವಿರ ಅಡಿಗೆ ಸುಮಾರು ಮೂವತ್ತನಾಲ್ಕು ಸೆಂಟಿಮೀಟರ್ ನೀರಿನ ಅಂತರ. ಆರಂಭದ ಅಂಕಿಗೆ ಡಯಲನ್ನು ರೈಲ್ವೆ ಸ್ಟೇಷನ್ನಿಗೆ ಒಯ್ದು, ಹಳದಿ ಬೋರ್ಡಿನಲ್ಲಿ ಬರೆದ ಸಮುದ್ರಮಟ್ಟದ ಎತ್ತರಕ್ಕೆ ಮುಳ್ಳು ಹೊಂದಿಸಿಕೊಂಡು ಬಂದೆ. ಪ್ಲಾಟ್‌ಫಾರಂ ಮೇಲಿದ್ದವರು ನಿಂತು ನೋಡಿದರು. ನೋಡುತ್ತಿದ್ದಾರೆಂದು ಗೊತ್ತಾಯಿತು, ಅಷ್ಟೆ.

ಹನ್ನೊಂದರಲ್ಲಿ ಯಜಮಾನರ ಕಣ್ಣು ಇದ್ದದ್ದು ಒಂದರ ಮೇಲೆ. ಅರ್ಧ ಆಕಾಶ, ಅರ್ಧ ನೆಲದಂತೆ ಬಣ್ಣ ಬಳಿದ ಕೃತಕ ದಿಗಂತ. ಒಳಗೆ ಬುಗುರಿಯಂತೆ ತಿರುಗುವ ಚಕ್ರವೊಂದು ವಿಮಾನ ವಾಲಿದ್ದನ್ನು ತೋರಿಸುತ್ತದೆ. ಅದನ್ನು ಎರಡನೇ ಸಾಲಿನ ನಟ್ಟನಡುವೆ ಕೂರಿಸಬೇಕೆಂದು ಅವರ ಆಸೆ. ನಾನು ಗಾಳಿ ಹಾಯಿಸಿ ಚಕ್ರ ತಿರುಗಿಸಿದೆ. ಬೇರಿಂಗು ಸವೆದಿತ್ತು. ಹತ್ತು ನಿಮಿಷ ಸರಿಯಾಗಿದ್ದು, ಆಮೇಲೆ ದಿಗಂತ ತಾನಾಗಿಯೇ ಎಡಕ್ಕೆ ವಾಲತೊಡಗಿತು. ಎಷ್ಟು ನಿಧಾನವಾಗಿ ಎಂದರೆ, ನೋಡುತ್ತ ಕೂತವರಿಗೂ ತಿಳಿಯುತ್ತಿರಲಿಲ್ಲ.

"ಇದು ಬೇಡ ಅಣ್ಣ."

"ರಿಪೇರಿ ಆಗಲ್ವಾ?"

"ಬೇರಿಂಗು ಸಿಗಲ್ಲ. ಸಿಕ್ಕಿದ್ರೂ ಬೇಡ. ಕೆಟ್ಟಿದ್ದೀನಿ ಅಂತ ಇದು ತೋರಿಸ್ಕೊಳ್ಳಲ್ಲ. ನೀವು ಇದನ್ನ ನಂಬ್ಕಂಡು ಮೋಡದೊಳಗೆ ಹೋಗ್ತೀರಿ."

"ನಾನ್ಯಾಕೆ ಮೋಡದೊಳಕ್ಕೆ ಹೋಗ್ಲಿ?"

"ಹೋಗಲ್ಲ ಅಂದ್ರೆ ಇದ್ಯಾಕೆ ಬೇಕು?"

ಯಜಮಾನರು ಅದನ್ನು ಪಂಚೆಯ ಚುಂಗಿನಿಂದ ಒರೆಸಿ ಚೀಲಕ್ಕೆ ಹಾಕಿದರು. ಅದರ ಜಾಗಕ್ಕೆ ಬಾಗಿದ ಗಾಜಿನ ಕೊಳವೆಯಲ್ಲಿ ಗುಂಡು ಓಡಾಡುವ ಸಣ್ಣ ಸಾಧನವೊಂದನ್ನು ಆರಿಸಿದೆ. ವಿಮಾನ ಪಕ್ಕಕ್ಕೆ ಜಾರಿದರೆ ಗುಂಡು ಸರಿಯುತ್ತದೆ. ಅದಕ್ಕೆ ಬ್ಯಾಟರಿ ಬೇಡ, ಗಾಳಿ ಬೇಡ.

ವೇಗದ ಡಯಲು ಸುಲಭವಾಗಿ ಸಿಕ್ಕಿತು. ಎತ್ತರದ್ದಕ್ಕೆ ಎರಡು ಉಳಿದವು. ಒಂದು ಚಂದದ್ದು. ಗಾಜು ಇತ್ತು, ಬಣ್ಣ ಇತ್ತು, ಮೂರು ಮುಳ್ಳುಗಳೂ ನೆಟ್ಟಗಿದ್ದವು. ಇನ್ನೊಂದರ ಮುಖ ಹುಳುಕು ಹಲ್ಲಿನಂತೆ ಕಂದಿತ್ತು. ಚಂದದ್ದನ್ನು ತೊಳೆದು, ಎಣ್ಣೆ ಮುಟ್ಟಿಸಿ, ಭರಣಿಗೆ ಹಾಕಿ ಪರೀಕ್ಷಿಸಿದೆ. ಐನೂರು ಅಡಿಗೊಮ್ಮೆ ನಿಲ್ಲಿಸಿ ಏರುವಾಗಿನ ಅಂಕಿ ಬರೆದೆ, ಗಾಳಿ ಬಿಡುತ್ತ ಇಳಿಯುವಾಗಿನ ಅಂಕಿ ಬರೆದೆ. ಅದನ್ನು ವಿಮಾನದ ಹಲಗೆಗೆ ಕೂರಿಸಿಯೂ ಆಯಿತು. ಪರೀಕ್ಷಕರು ಬರುವ ದಿನ ಗೊತ್ತಾಯಿತು.

ಅವರು ಬರಲು ಎರಡು ದಿನವಿದ್ದಾಗ ಮಧ್ಯಾಹ್ನ ಅಣ್ಣನ ಮನೆಯಲ್ಲಿ ಕುಳಿತು ನೋಟ್‌ಬುಕ್ಕಿನ ಅಂಕಿಗಳನ್ನು ಬಿಳಿ ಹಾಳೆಗೆ ಇಳಿಸುತ್ತಿದ್ದೆ. ಎಡಗಡೆ ಏರುವ ಅಂಕಿಗಳು, ಬಲಗಡೆ ಇಳಿಯುವ ಅಂಕಿಗಳು. ಅರ್ಧ ಬರೆದ ಮೇಲೆ ಕೈ ನಿಂತಿತು. ಎರಡು ಸಾಲೂ ಒಂದೇ ಆಗಿದ್ದವು. ಒಂದು ಅಡಿಯ ವ್ಯತ್ಯಾಸವಿರಲಿಲ್ಲ.

ಹಾಗೆ ಇರಲು ಸಾಧ್ಯವಿಲ್ಲ. ತಗಡು ಉಬ್ಬಿದಷ್ಟೇ ಚುರುಕಾಗಿ ಕುಗ್ಗುವುದಿಲ್ಲ. ಹೊಸ ಡಯಲು ಕೂಡ ಇಳಿಯುವಾಗ ಹತ್ತಿಪ್ಪತ್ತು ಅಡಿ ಹಿಂದೆ ಬೀಳುತ್ತದೆ. ನಾನು ಬರೆದದ್ದು ಮುಳ್ಳನ್ನು ನೋಡಿ ಅಲ್ಲ, ಎಡಗಡೆಯ ಸಾಲನ್ನು ನೋಡಿ. ಆ ದಿನವನ್ನು ನೆನಪಿಸಿಕೊಳ್ಳಲು ನೋಡಿದೆ. ಭರಣಿಯ ಮುಂದೆ ಕೂತಿದ್ದೆ, ಪೆನ್ನು ಕೈಯಲ್ಲಿತ್ತು, ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಮುಳ್ಳು ಎಲ್ಲಿತ್ತು ಎಂಬುದು ಮಾತ್ರ ನೆನಪಿಗೆ ಬರಲಿಲ್ಲ.

ಕಾರ್ಖಾನೆಯಲ್ಲಿ ಒಂದು ಸ್ಪ್ರಿಂಗು ಹಾಳು ಮಾಡಿದರೂ ಎದೆ ಹೊಡೆದುಕೊಳ್ಳುತ್ತಿದ್ದವಳು ನಾನು. ಈಗ ಎದೆ ಸುಮ್ಮನಿತ್ತು. ಒಬ್ಬ ಮನುಷ್ಯ ಇದನ್ನು ನಂಬಿ ಮೇಲೆ ಹೋಗುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಏನೂ ಆಗಲಿಲ್ಲ. ಇದನ್ನು ಹೇಳಲೇಬೇಕೆಂದು ಬುದ್ಧಿಗೆ ಗೊತ್ತಿತ್ತು. ಅಷ್ಟನ್ನೇ ಹಿಡಿದುಕೊಂಡು ನೋಟ್‌ಬುಕ್ ಸಮೇತ ಗೋಡೌನಿಗೆ ನಡೆದೆ.

ಯಜಮಾನರ ಹೆಂಡತಿ ಅವರಿಗೆ ಊಟದ ಕ್ಯಾರಿಯರ್ ತಂದಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ಹೆಚ್ಚು ಮಾತಾಡುವವರಲ್ಲ. ಆರು ವರ್ಷಗಳಲ್ಲಿ ಒಮ್ಮೆಯೂ ವಿಮಾನವನ್ನು ಮುಟ್ಟಿರಲಿಲ್ಲವೆಂದು ಯಜಮಾನರೇ ಹೇಳಿದ್ದರು. ಅವರ ಮುಂದೆಯೇ ಎರಡು ಸಾಲನ್ನೂ ತೋರಿಸಿ ಹೇಳಿದೆ.

ಯಜಮಾನರು ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. "ನಾಡಿದ್ದು ಸಾಹೇಬ್ರು ಬತ್ತಾರೆ."

"ಬರೋದು ಬೇಡ ಅನ್ನಿ."

"ಈಗ ಬುಟ್ರೆ ಮತ್ತೆ ಯಾವಾಗ ಬತ್ತಾರೋ. ಮಳೆ ಹಿಡಿದ್ರೆ ಕೆರೆ ಅಂಗಳ ಕೆಸರಾಯ್ತದೆ. ಮುಂದಿನ ವರ್ಷ ಡಾಕ್ಟ್ರು ಹಾರಕ್ಕೆ ನನ್ನ ಪಾಸ್ ಮಾಡ್ತಾರೆ ಅಂತ ಏನು ಗ್ಯಾರಂಟಿ?" ವಿಮಾನ ಓಡಿಸಿ ಎಬ್ಬಿಸಲು ಅವರು ಗೊತ್ತು ಮಾಡಿದ್ದು ಕಂದಿಕೆರೆ ಕಡೆಯ ಒಣಗಿದ ಕೆರೆಯ ಅಂಗಳ. ಮುಂಗಾರಿಗೆ ಒಂದೂವರೆ ತಿಂಗಳಷ್ಟೇ ಉಳಿದಿತ್ತು. "ಮೇಲಿನದು ಸರಿಯಾಗೈತಲ್ಲಮ್ಮ. ಇದು ಸುಮ್ನೆ ಇರಲಿ ಅಂತ ಇಟ್ಟಿರೋದು ತಾನೆ?"

"ನೀವು ಇದನ್ನ ನೋಡೋ ಹೊತ್ತಿಗೆ ನಿಮ್ಮ ಹತ್ರ ಬೇರೆ ಏನೂ ಉಳಿದಿರಲ್ಲ ಅಣ್ಣ," ಅಂದೆ.

ಅಕ್ಕ ನನ್ನ ಕಡೆ ತಿರುಗಿದರು. "ಅದ್ಯಾಕೆ ನೋಡ್ದಲೇ ಬರದ್ರಿ?"

"ನೋಡ್ತಾನೇ ಇದ್ದೆ ಅಕ್ಕ. ಕಾಣಿಸ್ತಿರಲಿಲ್ಲ."

ಅವರು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಗಂಡನ ಕಡೆ ನೋಡಿ, "ಸಾಹೇಬ್ರಿಗೆ ಟ್ರಂಕ್ ಕಾಲ್ ಮಾಡಿ. ಹದಿನೈದು ದಿನ ಬುಟ್ಟು ಬರ್ಲಿ," ಎಂದರು. ಮತ್ತೆ ನನ್ನ ಕಡೆಗೆ, "ನಾಳೆಯಿಂದ ಮುಳ್ಳು ನಾನು ನೋಡ್ತೀನಿ. ನೀವು ಬರ್ಕಳಿ. ಮಂಡೀಲಿ ತೂಕ ನೋಡಿ ರೂಢಿ ಐತೆ ಕಣ್ರೀ. ಮುಳ್ಳು ನಿಂತ ಮೇಲೆ ಓದಬೇಕು ಅನ್ನೋದು ನಂಗೂ ಗೊತ್ತು."

ಪರೀಕ್ಷಕರು ಟ್ರಂಕ್ ಕಾಲಿನಲ್ಲಿ ಒಪ್ಪಿದರು. ಕಾರಣ ಕೇಳಿದಾಗ ಯಜಮಾನರು ಇದ್ದದ್ದನ್ನೇ ಹೇಳಿದರಂತೆ.

ಮಾರನೆಯ ಬೆಳಗ್ಗೆ ಡಯಲನ್ನು ಹಲಗೆಯಿಂದ ಬಿಚ್ಚಿ ಮತ್ತೆ ಭರಣಿಗೆ ಹಾಕಿದೆವು. ನಾನು ನೀರಿನ ಕಡೆ ಮುಖ ಮಾಡಿ ಪಂಪು ಹಿಡಿದೆ. ಡಯಲು ನನಗೆ ಕಾಣದಂತೆ ಅಕ್ಕ ಭರಣಿಯ ಆ ಕಡೆ ಕುಳಿತು ಅಂಕಿ ಹೇಳುತ್ತ ಹೋದರು. ಏರುವಾಗ ಎಲ್ಲ ಸರಿಯಿತ್ತು. ಗಾಳಿ ಬಿಡುತ್ತ ಬಂದೆ. ಮೊದಲ ಐನೂರು ಅಡಿ ಇಳಿದಾಗಲೇ ಅವರು, "ಇದು ಕದಲಲಿಲ್ಲ," ಎಂದರು. ಇನ್ನಷ್ಟು ಬಿಟ್ಟೆ. "ಈಗ ಹಾರ್ಕಂಡು ಬಂತು. ಮತ್ತೆ ನಿಂತ್ಕಂತು." ಕೊನೆಗೆ, ನೆಲದ ಮಟ್ಟಕ್ಕೆ ಬಂದಾಗ ಮುಳ್ಳು ನೂರ ಎಂಬತ್ತು ಅಡಿ ಮೇಲೆಯೇ ಉಳಿದಿತ್ತು. ನಾನು ಭರಣಿಯನ್ನು ಬೆರಳಿನಿಂದ ತಟ್ಟಿದೆ. ತಕ್ಷಣ ಕೆಳಗಿಳಿಯಿತು.

ಬಿಚ್ಚಿ ನೋಡಿದರೆ ಮುಳ್ಳು ತಿರುಗಿಸುವ ಅಚ್ಚಿನ ತುದಿ ಕೂರುವ, ಗಡಿಯಾರದಲ್ಲಿರುವಂಥ ಸಣ್ಣ ಕೆಂಪು ಕಲ್ಲು ಸೀಳಿಹೋಗಿತ್ತು. ತೊಳೆಯುವಾಗ ನಾನು ಅದನ್ನು ಭೂತಗನ್ನಡಿಯಲ್ಲಿ ನೋಡಿರಲೇಬೇಕು. ಎಂಜಿನ್ ಜೋರಾಗಿ ತಿರುಗುವಾಗ ಅದರ ನಡುಕಕ್ಕೆ ಮುಳ್ಳು ಸಡಿಲವಾಗಿರುತ್ತಿತ್ತು. ಇಳಿಯಲು ಎಂಜಿನ್ ತಗ್ಗಿಸಿದಾಗ ಸಿಕ್ಕಿಕೊಳ್ಳುತ್ತಿತ್ತು. ಆಗ ಯಜಮಾನರು ಇನ್ನೂ ನೂರ ಎಂಬತ್ತು ಅಡಿ ಇದೆ ಎಂದುಕೊಂಡಿರುತ್ತಿದ್ದರು.

ಅಕ್ಕ ಆ ಡಯಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಕಂದಿದ ಮುಖದ್ದನ್ನು ಎತ್ತಿಕೊಂಡೆವು. ಅದರ ಕಲ್ಲುಗಳು ಸರಿಯಿದ್ದವು. ನಾಲ್ಕು ದಿನ, ದಿನಕ್ಕೆ ಮೂರು ಸಲ ಏರಿಸಿ ಇಳಿಸಿದೆವು. ಏರುವಾಗ ಸರಿ, ಇಳಿಯುವಾಗ ಮೂವತ್ತು ಅಡಿ ಹೆಚ್ಚು. ಬೆಳಗಿನ ತಂಪಿನಲ್ಲೂ ಮೂವತ್ತು, ತಗಡಿನ ಚಾವಣಿ ಕಾದ ಮಧ್ಯಾಹ್ನದಲ್ಲೂ ಮೂವತ್ತು. ಅದನ್ನೇ ಆರಿಸಿದೆ. ಯಜಮಾನರು, "ತಪ್ಪು ತೋರಿಸ್ತದಲ್ಲಮ್ಮ," ಎಂದರು. ದಿನವೂ ಒಂದೇ ತಪ್ಪಾದರೆ ಕಾಗದದಲ್ಲಿ ಬರೆದು ಪಕ್ಕದಲ್ಲಿ ಅಂಟಿಸಬಹುದು ಎಂದೆ. ಅಂಟಿಸಿದೆವು.

ಆ ಹದಿನೈದು ದಿನ ತಡವಾಗದಿದ್ದರೆ ಇನ್ನೊಂದು ವಿಷಯ ತಿಳಿಯುತ್ತಿರಲಿಲ್ಲ. ಎಲ್ಲ ಕೂರಿಸಿದ ಮೇಲೆ, ರೆಕ್ಕೆಯ ಕೊಳವೆಗೆ ರಬ್ಬರು ಪೈಪು ಸಿಕ್ಕಿಸಿ ನಾನು ಮೆಲ್ಲಗೆ ಒತ್ತಡ ಕೊಟ್ಟೆ. ಒಳಗೆ ಕೂತಿದ್ದ ಅಕ್ಕ, "ಎರಡೂ ಸೊನ್ನೇಲೇ ಅವೆ," ಎಂದರು. ಆಗಲೇ ಅವರು ಮೊದಲ ಸಲ ವಿಮಾನದೊಳಗೆ ಕೂತದ್ದು, ನನಗದು ಆಮೇಲೆ ಹೊಳೆಯಿತು. ಇನ್ನಷ್ಟು ಒತ್ತಡ ಕೊಟ್ಟೆ. ಮೇಲಿನ ವೇಗದ ಮುಳ್ಳೂ ಕದಲಲಿಲ್ಲ, ಕೆಳಗಿನದೂ ಕದಲಲಿಲ್ಲ.

ಯಜಮಾನರು ತಂತಿ ಹಾಕಿ ಕೊಳವೆಯ ಬಾಯಿ ಕೆದಕಿದರು. ಒಣಮಣ್ಣು ಉದುರಿತು, ಅದರೊಂದಿಗೆ ಒಂದು ಹಸಿರು ಹುಳು. ಮಣ್ಣಿನ ಗೂಡು ಕಟ್ಟುವ ಕಣಜವೊಂದು ಕೊಳವೆಯನ್ನೇ ಮನೆ ಮಾಡಿಕೊಂಡು, ಮರಿಯ ಆಹಾರಕ್ಕೆ ಹುಳು ತಂದಿಟ್ಟಿತ್ತು. ಗೋಡೌನಿನ ಬೀಗದ ತೂತುಗಳಲ್ಲಿ, ಕಿಟಕಿಯ ಸಂದುಗಳಲ್ಲಿ ಅಂಥ ಗೂಡು ಎಷ್ಟೋ ಇದ್ದವು.

ಎರಡು ಡಯಲಿಗೂ ಒಂದೇ ಕೊಳವೆಯಿಂದ ಗಾಳಿ ಕೊಟ್ಟಿದ್ದೆವು. ನಕ್ಷೆಯಲ್ಲಿ ಒಂದೇ ಕೊಳವೆ ಇತ್ತು, ಅದನ್ನು ಕವಲೊಡೆಸಿದರೆ ಸಾಕೆಂದು ನಾವೇ ತೀರ್ಮಾನಿಸಿದ್ದೆವು. ಹೆಸರಿಗೆ ಎರಡು ಮುಳ್ಳು, ಲೆಕ್ಕಕ್ಕೆ ಒಂದೇ. ಕವಲನ್ನು ಅಂದೇ ತೆಗೆಸಿದೆ. ಕೆಳಗಿನ ಸಾಲಿಗೆ ಇನ್ನೊಂದು ರೆಕ್ಕೆಯಲ್ಲಿ ಬೇರೆ ಕೊಳವೆ ಬಂತು. ಕೆಳಗಿನ ಎತ್ತರದ ಡಯಲಿಗೂ ಮೇಲಿನದರ ಪೈಪನ್ನು ಸೇರಿಸದೆ, ಚಾಲಕ ಕೂರುವಲ್ಲಿನ ಗಾಳಿಗೇ ತೆರೆದಿಟ್ಟೆವು. ರೆಕ್ಕೆಯ ಬಟ್ಟೆ ಸೀಳಿ, ಕೊಳವೆ ಹಾಯಿಸಿ, ಮತ್ತೆ ಬಟ್ಟೆ ಹೊಲಿದು ಬಣ್ಣ ಬಳಿಯಲು ಐದು ದಿನ ಹಿಡಿಯಿತು. ಯಜಮಾನರು ಗೊಣಗದೆ ಮಾಡಿದರು. ಅಕ್ಕ ಎರಡು ಕೊಳವೆಗಳಿಗೂ ಕೆಂಪು ಬಟ್ಟೆಯ ಚೀಲ ಹೊಲಿದು, ಕಣ್ಣಿಗೆ ಬೀಳುವಂತೆ ಉದ್ದನೆಯ ಬಾಲ ಬಿಟ್ಟರು.

ಪರೀಕ್ಷಕರು ಬಂದವರು ಪಟ್ಟಿಯನ್ನು ಸಾಲುಸಾಲಾಗಿ ಓದಿದರು. ಮೂವತ್ತು ಅಡಿಯ ಮೇಲೆ ಬೆರಳಿಟ್ಟು, "ಇದನ್ನು ಓದಿದವರು ಯಾರು?" ಎಂದರು. ಅಕ್ಕ, "ನಾನೇ," ಎಂದರು. ಪಟ್ಟಿಯ ಕೆಳಗೆ ಇಬ್ಬರೂ ಸಹಿ ಹಾಕಬೇಕೆಂದು ಅವರು ಹೇಳಿದರು. ಹಾಕಿದೆವು.

ಮೊದಲ ಹಾರಾಟ ಕೆರೆಯಂಗಳದಲ್ಲಿ ಬೆಳಗ್ಗೆ ಗಾಳಿ ಏಳುವ ಮುನ್ನ ಆಯಿತು. ಯಜಮಾನರು ಒಬ್ಬರೇ ಹೋಗಿ, ಏರಿಯ ಮೇಲೆ ಎರಡು ಸುತ್ತು ಹಾಕಿ, ಇಳಿಯುವಾಗ ಒಮ್ಮೆ ಪುಟಿದು ನಿಂತರು. ಅಕ್ಕಪಕ್ಕದ ಹಳ್ಳಿಯವರು ಓಡಿಬಂದು ವಿಮಾನವನ್ನು ಸುತ್ತುವರಿದರು. ಒಳ್ಳೆಯದಾಯಿತು ಎಂದುಕೊಂಡೆ. ಅದು ಪೇಪರಿನಲ್ಲಿ ಓದಿದ ಸುದ್ದಿಯಂತಿತ್ತು. ಆಮೇಲೆ ಅವರು ಒಂಟಿಯಾಗಿ ಹಾರಲೇಬೇಕಾದ ಗಂಟೆಗಳಿದ್ದವು. ಅವು ಮುಗಿಯಲು ಮೂರು ವಾರ ಹಿಡಿಯಿತು. ಪ್ರತಿ ಬೆಳಗ್ಗೆ ನಾವಿಬ್ಬರೂ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಪರೀಕ್ಷಿಸಿ ಬರೆದುಕೊಂಡೆವು. ನನ್ನ ರಜೆ ಮುಗಿಯುತ್ತ ಬಂದಿತ್ತು.

ರಜೆಯ ಕೊನೆಯ ದಿನ ಆಕಾಶದ ಪಡುವಣ ಅಂಚಿನಲ್ಲಿ ಮೋಡ ಕಟ್ಟುತ್ತಿತ್ತು, ಆದರೆ ದೂರದಲ್ಲಿತ್ತು. ಅಕ್ಕ ಎಂದಿನಂತೆ ಕೆಂಪು ಚೀಲಗಳನ್ನು ಕಳಚಿ ಮಡಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ರೆಕ್ಕೆಯ ಮೇಲೆ ಕಾಲಿಟ್ಟು, ಗಂಡನ ಪಕ್ಕದ ಸೀಟಿನಲ್ಲಿ ಹೋಗಿ ಕೂತರು.

ಯಜಮಾನರು ಅವರನ್ನೇ ನೋಡಿದರು. "ಬತ್ತೀಯಾ?"

"ಕೂತಿದ್ದೀನಲ್ಲ."

"ಹೆದ್ರಿಕೆ ಆಗಲ್ವಾ?"

"ನೀವು ಮುಂದೆ ನೋಡ್ಕಂಡು ಓಡಿಸಿ. ಕೆಳಗಿನ ಸಾಲು ನಾನು ನೋಡ್ಕಂತೀನಿ."

ಎಂಜಿನ್ ಶುರುವಾಯಿತು. ಧೂಳೆದ್ದು ಏನೂ ಕಾಣದಾಯಿತು. ಧೂಳು ಕೂತಾಗ ವಿಮಾನ ಏರಿಯನ್ನು ದಾಟಿ ತೆಂಗಿನ ತಲೆಗಳ ಮೇಲಿತ್ತು. ಹೀಗೆ ನೋಡಿ ನನಗೆ ರೂಢಿಯಾಗಿತ್ತು. ಅದು ಮೂಡಣ ದಿಕ್ಕಿಗೆ ತಿರುಗಿ, ಬೋಳುಗುಡ್ಡದ ಹಿಂದೆ ಹೋಯಿತು. ಸದ್ದೂ ನಿಂತಿತು.

ಆಗ ಕೈಯಲ್ಲಿದ್ದ ಕೆಂಪು ಚೀಲಗಳನ್ನು ಮುದ್ದೆಯಾಗುವಂತೆ ಹಿಂಡುತ್ತಿದ್ದೇನೆಂದು ಗೊತ್ತಾಯಿತು. ಮೊದಲು ಏಕೆಂದು ತಿಳಿಯಲಿಲ್ಲ. ಸೀಳಿದ ಕೆಂಪು ಕಲ್ಲು ಕಣ್ಣೆದುರಿಗೆ ಬಂತು, ಒಂದೇ ಆಗಿದ್ದ ಆ ಎರಡು ಸಾಲುಗಳು ಬಂದವು. ಅದನ್ನು ಹಾಗೇ ಬಿಟ್ಟಿದ್ದರೆ ಎಂಬ ಯೋಚನೆ ಬಂತು. ಅದರ ಹಿಂದೆಯೇ, ಆಸ್ಪತ್ರೆಯ ಹಾಸಿಗೆಯಲ್ಲಿ ಹಳದಿಯಾಗಿದ್ದ ನನ್ನ ಗಂಡನ ಉಗುರುಗಳು. ನಾನು ಒಣಗಿ ಬಿರುಕುಬಿಟ್ಟ ಕೆರೆಯ ಮಣ್ಣಿನ ಮೇಲೆ ಕೂತುಬಿಟ್ಟೆ. ಸುತ್ತ ಯಾರೂ ಇರಲಿಲ್ಲ. ಕಿವಿಯನ್ನು ಗುಡ್ಡದ ಕಡೆಗಿಟ್ಟು ಕಾದೆ. ಎಷ್ಟು ಹೊತ್ತು ಕಾದೆನೋ ಗೊತ್ತಿಲ್ಲ. ಕೈಗಡಿಯಾರ ಇತ್ತು, ನೋಡಲು ಕೈ ಏಳಲಿಲ್ಲ.

ಸದ್ದು ಗುಡ್ಡದ ಇನ್ನೊಂದು ಕಡೆಯಿಂದ ಬಂತು. ವಿಮಾನ ದೊಡ್ಡದಾಗುತ್ತ, ತಗ್ಗುತ್ತ ಬಂದು, ಪುಟಿಯದೆ ನೆಲ ಮುಟ್ಟಿ, ನನ್ನಿಂದ ಒಂದಷ್ಟು ದೂರ ಓಡಿ ನಿಂತಿತು. ಎಂಜಿನ್ ಆರಿತು. ನಾನು ಕೂತೇ ಇದ್ದೆ.

ಅಕ್ಕ ಇಳಿದು ನಡೆದು ಬಂದರು. ಅವರ ಕೂದಲು ಕೆದರಿತ್ತು. ನನ್ನ ಮುಂದೆ ನಿಂತು ಮುಖ ನೋಡಿದರು. ನಾನು ಅಳುತ್ತಿದ್ದೆನೆಂದು ಅವರು ನೋಡಿದ ಮೇಲೆ ನನಗೆ ತಿಳಿಯಿತು. ಕೈ ಚಾಚಿದರು.

"ಏಳಿ ಮೇಲೆ," ಎಂದರು. "ಸೀರೆಯೆಲ್ಲಾ ಮಣ್ಣಾಯ್ತು."